ಹಿಂದೆ ಕಟ್ಟಿದ ಭಾರ

ಮಾರ್ಚ್ ೧೪, ಶುಕ್ರವಾರ

ಗಾಡಿಯ ಕೀಲಿಕೈಯನ್ನು ಮಾಲೀಕನ ಮೇಜಿನ ಮೇಲೆ ಎಸೆದು ಬಂದೆ. ಆದರೂ ನಿದ್ದೆಯಿಲ್ಲ.

ಟ್ರೇಲರಿನಲ್ಲಿ ಮೂರು ಟನ್ನಿನ ಜನರೇಟರ್. ಇಳಿಸಲು ಸುಲಭವೆಂದು ಅದನ್ನು ಹಿಂತುದಿಗೆ ಇಟ್ಟಿದ್ದಾರೆ. ಭಾರ ಹಿಂದಾದರೆ ಇಳಿಜಾರಿನಲ್ಲಿ ಟ್ರೇಲರ್ ತೊನೆದು, ಎಳೆಯುವ ಗಾಡಿಯನ್ನೇ ಕಂದಕಕ್ಕೆ ಎಳೆಯುತ್ತದೆ. ಟ್ರೇಲರಿನ ಬ್ರೇಕ್ ಸತ್ತು ತಿಂಗಳಾಯಿತು.

"ಡೀಸೆಲ್ ಗಾಡಿ ಕಣಯ್ಯಾ, ಆನೇನೂ ಎಳೆಯುತ್ತೆ" ಎಂದ ಮಾಲೀಕ.

"ಎಳೆಯುತ್ತೆ ಸ್ವಾಮಿ. ನಿಲ್ಲಿಸೋದ್ಯಾರು, ನಿಮ್ಮಪ್ಪನಾ?" ಎಂದೆ.

ಚಾಲಕರ ಸಂಘದವರು ಬೆನ್ನು ತಟ್ಟಿದರು. ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ಅಕ್ಕನ ಫೋನು: "ಲೋ, ನಿನ್ನ ಗಾಡಿ ಇನ್ಮೇಲೆ ನಿಮ್ಮ ಭಾವಂದು ಕಣೋ! ಬೆಳಿಗ್ಗೆ ಐದಕ್ಕೆ ಹೊರಡ್ತಾರೆ."

ಭಾವ ಟ್ರೇಲರ್ ಕಟ್ಟಿ ಒಂದು ದಿನವೂ ಓಡಿಸಿದವರಲ್ಲ. ಅವರಿಗೇ ಫೋನು ಕೊಡಿಸಿಕೊಂಡು ಬೇಡ ಎಂದು ಅಂಗಲಾಚಿದೆ. "ಬಿಟ್ಟವನು ನೀನು, ಈಗ ಹೊಟ್ಟೆಕಿಚ್ಚಾ?" ಎಂದು ಭಾವ ನಕ್ಕರು.

ಥೂ! ಚಾಲಕರೆಲ್ಲರೂ ಒಟ್ಟಿಗೆ ಬೇಡ ಅನ್ನುವವರೆಗೆ ಕಾಯದೆ ಒಬ್ಬನೇ ಮೆರೆದೆ. ನನ್ನ ಕೊರಳಿಂದ ತೆಗೆದ ಕುಣಿಕೆ ಅಕ್ಕನ ಮನೆಗೇ ಹೋಯಿತು.

ಐದಕ್ಕೆ ಮುಂಚೆಯೇ ಹೋಗಿ ಮಾಲೀಕನ ಗೇಟಿಗೆ ಅಡ್ಡ ನಿಲ್ಲುತ್ತೇನೆ.

ಈಗ ನಸುಕಿನ ಮೂರೂವರೆ. ಮುಖ್ಯರಸ್ತೆಯಲ್ಲಿ ಡೀಸೆಲ್ ಎಂಜಿನ್ನಿನ ಸದ್ದು, ಹಿಂದೆಯೇ ಟ್ರೇಲರಿನ ಸರಪಳಿಯ ಕಣಕಣ. ಆ ಸದ್ದು ನನಗೆ ಗೊತ್ತು. ಐದಕ್ಕೆ ಅಂದಿದ್ದಳಲ್ಲ ಅಕ್ಕ, ಐದಕ್ಕೆ