ಸಾಲು ಹೇಳಿಕೊಡುವವಳು

ಜೆಪ್ಪು, ಮಂಗಳೂರು-2
24 ಆಗಸ್ಟ್ 1987, ಸೋಮವಾರ

ಪ್ರೀತಿಯ ಆಶಾಲತಾ,

ನಿನ್ನ ಎರಡು ಕಾಗದಗಳೂ ಸಿಕ್ಕಿವೆ. ಮೊದಲನೆಯದಕ್ಕೇ ಉತ್ತರ ಬರೆಯದ ನನ್ನ ಮೇಲೆ ನಿನಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಮಗಳಿಗೆ ಹಲ್ಲು ಬಂತೆಂದು ನೀನು ಬರೆದದ್ದು ಜೂನ್‌ನಲ್ಲಿ. ಅವಳು ಈಗ ಕಚ್ಚುವುದನ್ನೂ ಕಲಿತಿರಬೇಕು. ಮೋಹನದಾಸರಿಗೆ ನಮಸ್ಕಾರ ಹೇಳು. ಅವರ ಹೋಟೆಲಿನ ನೀರುದೋಸೆಯನ್ನು ಬೊಂಬಾಯಿಯವರು ಸಾಂಬಾರಿಗೆ ಅದ್ದಿ ತಿನ್ನುತ್ತಾರೆ ಎಂದು ಓದಿದಾಗ ಅಮ್ಮ ಬಹಳ ಹೊತ್ತು ನಕ್ಕಳು.

ನನ್ನ ಸುದ್ದಿ ಹೆಚ್ಚಿಲ್ಲ. ಶಾಲೆಯೊಂದರಲ್ಲಿ ಬದಲಿ ಟೀಚರ್ ಆಗಿದ್ದೇನೆ. ಹಿಂದಿನ ಬೆಂಚಿನವರು ದಿನವೂ "ಟೀಚರ್, ಕೇಳುವುದಿಲ್ಲ" ಎಂದು ಕೂಗುತ್ತಾರೆ. ಕಾಲೇಜಿನಲ್ಲಿ ಹಾಜರಿ ಕರೆಯುವಾಗ, ನಾನು ಪಕ್ಕದಲ್ಲೇ ಕೂತಿದ್ದರೂ, ನನ್ನ ಪರವಾಗಿ ನೀನೇ "ಯೆಸ್ ಸರ್" ಎನ್ನುತ್ತಿದ್ದೆಯಲ್ಲ? ಅದೇ ಪ್ರಿಸಿಲ್ಲ, ನಾನೇ, ನಿನ್ನೆ ಚರ್ಚಿನಲ್ಲಿ ಇನ್ನೂರು ಜನರ ಎದುರು ಬಾಯಿ ತೆರೆದಳು. ಅಪ್ಪಣೆ ಇಲ್ಲದೆ, ಆರಾಧನೆಯ ನಡುವೆ. ಸಮಿತಿಯವರು ಕ್ಷಮೆ ಕೇಳು ಎನ್ನುತ್ತಾರೆ. ನಾನು ಕೇಳುವುದಿಲ್ಲ. ಬರುವ ಆದಿತ್ಯವಾರವೂ ಎದ್ದು ನಿಲ್ಲುತ್ತೇನೆ.

ಮೊದಲಿನಿಂದ ಹೇಳುತ್ತೇನೆ. ನೀನು ಒಂದು ಕ್ರಿಸ್ಮಸ್‌ಗೆ ನಮ್ಮಲ್ಲಿಗೆ ಬಂದಾಗ ನನ್ನ ಕಿವಿಯಲ್ಲಿ ಕೇಳಿದ್ದೆ: "ಆ ಅಜ್ಜ ಎಂತಕ್ಕೆ ಮೊದಲು ಹೇಳುವುದು, ಮತ್ತೆ ಎಲ್ಲರೂ ಅದನ್ನೇ ಹಾಡುವುದು?" ಆ ಅಜ್ಜ ತಿಮೊಥಿ ಮಾಮ. ನಮ್ಮ ಚರ್ಚಿನ ಸಭೆ ಕಟ್ಟಿದವರೇ ಹಂಚಿನ ಕಾರ್ಖಾನೆಯ ಕೆಲಸದವರು. ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಹಾಗಾಗಿ ಓದು ಬರುವ ಒಬ್ಬರು ಎದ್ದು ಗೀತೆಯ ಒಂದು ಸಾಲನ್ನು ಓದಿ ಹೇಳುವುದು, ಉಳಿದವರೆಲ್ಲ ಆ ಸಾಲನ್ನು ಹಾಡುವುದು, ನಿಲ್ಲುವುದು, ಮತ್ತೆ ಮುಂದಿನ ಸಾಲು. ಐದು ಚರಣದ ಗೀತೆ ಮುಗಿಯಲು ಕಾಲು ಗಂಟೆ ಬೇಕು. ಸಣ್ಣವಳಿದ್ದಾಗ ನನಗೆ ಅದು ಮುಗಿಯುವುದೇ ಇಲ್ಲ ಅನಿಸುತ್ತಿತ್ತು. ಈಗ ಯೋಚಿಸಿದರೆ, ಯಾರೂ ಹಿಂದೆ ಉಳಿಯಬಾರದೆಂದು ಇನ್ನೂರು ಜನ ಪ್ರತಿ ಸಾಲಿಗೂ ನಿಂತು ಕಾಯುವ ಜಾಗ ಮಂಗಳೂರಿನಲ್ಲಿ ಇನ್ನೆಲ್ಲಿ ಉಂಟು?

ಅಮ್ಮನ ವಿಷಯ ನಿನಗೆ ಗೊತ್ತೇ ಇದೆ. ನಿನ್ನ ಕಾಗದವನ್ನೆಲ್ಲ ಓದಿ ಹೇಳುವವಳು ನಾನೇ ತಾನೆ? ಅವಳು ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಸುಟ್ಟ ಹಂಚುಗಳಲ್ಲಿ ಒಳ್ಳೆಯದನ್ನು ಆರಿಸಿದವಳು. ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಸಾಕು. ಒಳ್ಳೆಯ ಹಂಚು ಗಂಟೆಯ ಹಾಗೆ ಸದ್ದು ಕೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ 'ಬದ್' ಎನ್ನುತ್ತದೆ. ಆದರೆ ಅಕ್ಷರ ಅವಳಿಗೆ ಬರುವುದಿಲ್ಲ. ಚರ್ಚಿನಲ್ಲಿ ಗೀತೆಯ ಪುಸ್ತಕ ಬಿಡಿಸಿ ಹಿಡಿಯುತ್ತಾಳೆ, ಪುಟವನ್ನು ನಾನು ತೆಗೆದುಕೊಡುತ್ತೇನೆ. ಹೊರಗಿನವರಿಗೆ ತಿಳಿಯುವುದಿಲ್ಲ.

ಮೇ ತಿಂಗಳಲ್ಲಿ ಆರ್ಥರ್ ಬಂದ. ಬೆಂಗಳೂರಿನಲ್ಲಿ ನಾಲ್ಕು ವರ್ಷ ದೇವಶಾಸ್ತ್ರ ಓದಿ ನಮ್ಮ ಸಭಾಪಾಲಕರಿಗೆ ಸಹಾಯಕನಾಗಿ ಬಂದವನು. ಕೆಟ್ಟವನಲ್ಲ, ಆಶಾ. ನಾನು ಸಾಹಿತ್ಯ ಓದಿದವಳೆಂದು ತಿಳಿದ ಮೇಲೆ ನನ್ನ ಜೊತೆ ಪುಸ್ತಕಗಳ ಬಗ್ಗೆ ಮಾತಾಡಿದ ಒಬ್ಬನೇ ಒಬ್ಬ. ಆರಾಧನೆಯನ್ನು ಬದಲಾಯಿಸಬೇಕೆಂದು ಸಮಿತಿಯ ಕೂಟ ಕರೆದ. "ದೊಡ್ಡ ಕಥೆಗಳ ಕಾಲ ಮುಗಿಯಿತು," ಅಂದ. "ಒಬ್ಬ ಹೇಳುವುದು, ಎಲ್ಲರೂ ಅದನ್ನೇ ತಿರುಗಿ ಹೇಳುವುದು, ಇದನ್ನು ಪೋಸ್ಟ್‌ಮಾಡರ್ನ್ ಮನುಷ್ಯ ಒಪ್ಪುವುದಿಲ್ಲ. ಈಗಿನದ್ದು ಚೂರು ಚೂರಾದ ಕಾಲ. ಎಲ್ಲ ದನಿಗೂ ಜಾಗ ಬೇಕು. ಮನೆಗೆ ಟಿ.ವಿ. ಬಂದುಂಟು. ಕಣ್ಣಿಗೆ ಎಂತದಾದರೂ ಕೊಡದಿದ್ದರೆ ನಮ್ಮ ಹುಡುಗರು ಗೇಟಿನ ಹೊರಗೆ ಬೈಕಿನ ಮೇಲೆಯೇ ಕೂತಿರುತ್ತಾರೆ."

ಬೈಕಿನ ಮಾತು ನಿಜ. ಆದರೆ ತಿಮೊಥಿ ಮಾಮ ಮೂಲೆಯಿಂದ ಕೇಳಿದರು: "ಕಾಲ ಚೂರಾಗಿದ್ದರೆ ಅದನ್ನು ಜೋಡಿಸಲಿಕ್ಕೆ ಅಲ್ವಾ ಮಾರಾಯ ನಾವು ಇಲ್ಲಿಗೆ ಬರುವುದು?" ಎಲ್ಲರೂ ನಕ್ಕರು, ಆರ್ಥರ್ ಕೂಡ. ಆಮೇಲೆ ಅವನು ಹೇಳಿದಂತೆಯೇ ಆಯಿತು. ಆ ಕೂಟದಲ್ಲಿ ನಾನೂ ಇದ್ದೆ. ಬಾಯಿ ತೆರೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಓವರ್‌ಹೆಡ್ ಪ್ರೊಜೆಕ್ಟರ್ ಬಂತು. ವಾದ್ಯಕ್ಕೆ ಕ್ಯಾಸೆಟ್ ಬಂತು. ನನ್ನ ಅಕ್ಷರ ದುಂಡಗಿದೆ ಎಂದು ಗೀತೆಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆಯುವ, ಆರಾಧನೆಯಲ್ಲಿ ಅವನ್ನು ಬದಲಾಯಿಸುವ ಕೆಲಸ ನನಗೆ ಬಂತು. ಮೊದಲ ವಾರ ಬಿಳಿ ಗೋಡೆಯ ಮೇಲೆ ನನ್ನ ಅಕ್ಷರ ಆಳೆತ್ತರ ಮೂಡಿದಾಗ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ?

ಕ್ಯಾಸೆಟ್ ಯಾರಿಗೂ ಕಾಯುವುದಿಲ್ಲ. ಎಡಗಡೆಯ ಬೆಂಚಿನ ಹೆಂಗಸರು, ಅಮ್ಮನ ಜೊತೆ ಕೆಲಸ ಮಾಡಿದವರು, ಬಾಯಿಗೆ ಬರುವ ಮೊದಲ ಚರಣ ಹಾಡಿದರು. ಎರಡನೆಯದರಲ್ಲಿ ತಡವರಿಸಿದರು. ಮೂರನೆಯದರಲ್ಲಿ ಗೋಡೆ ನೋಡುತ್ತಾ ಸುಮ್ಮನೆ ನಿಂತರು. ಪ್ರೊಜೆಕ್ಟರಿನ ಪಕ್ಕದಿಂದ ಎಲ್ಲರ ಮುಖವೂ ಕಾಣುತ್ತದೆ, ಅದೇ ತೊಂದರೆ. ಮನೆಗೆ ಬಂದು ಅಮ್ಮನನ್ನು ಕೇಳಿದೆ, ಹೊಸ ಸಂಗೀತ ಹೇಗಿತ್ತು ಎಂದು. "ಬದ್," ಅಂದಳು. ಜುಲೈಯಿಂದ ಅವಳಿಗೆ ಮೊಣಕಾಲು ನೋವು. ಚರ್ಚಿಗೆ ಬರುವುದಿಲ್ಲ. ಪಕ್ಕದ ಮನೆಯ ನಳಿನಾಕ್ಷಿಯಕ್ಕನ ಜೊತೆ ಬಂದರಿಗೆ ನಡೆದು ಹೋಗಿ ಮೀನು ತರಲು ಮಾತ್ರ ಆ ಮೊಣಕಾಲು ಅಡ್ಡ ಬರುವುದಿಲ್ಲ.

ಏಳು ಆದಿತ್ಯವಾರ ಅವಳ ಜಾಗ ಖಾಲಿ ಇತ್ತು. ನಿನ್ನೆ ಎರಡನೆಯ ಗೀತೆಗೆ ಹಾಳೆ ಇಟ್ಟೆ. ಕ್ಯಾಸೆಟ್ ಶುರುವಾಯಿತು. ಎಡಗಡೆಯವರು ಬಾಯಿ ಮುಚ್ಚಿಕೊಂಡು ಸೊಂಟದ ಸೆರಗು ಸರಿಮಾಡಿಕೊಂಡರು. ಆಗ ನನಗೆ ಎಂತ ಆಯಿತೋ. ಪ್ರೊಜೆಕ್ಟರ್, ಕ್ಯಾಸೆಟ್ ಎರಡರ ಸ್ವಿಚ್ಚೂ ನನ್ನ ಕೈಯ ಹತ್ತಿರವೇ. ಎರಡನ್ನೂ ಆರಿಸಿದೆ. ಗೋಡೆ ಬೋಳಾಯಿತು. ಪುಸ್ತಕ ತೆಗೆದು ಓದಿ ಹೇಳಿದೆ:

"ಬಿರುಕಿನ ಮನೆಗೂ ಬೆಳಕಾಗಿ ಬಾರೋ."

ದನಿ ನನ್ನದೇ ಎಂದು ನಂಬಲಾಗಲಿಲ್ಲ. ಯಾರೂ ಹಾಡಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿದೆ. ಆಗ ಎಡಗಡೆಯಿಂದ ಒಬ್ಬರು ಎತ್ತಿಕೊಂಡರು, ಆಮೇಲೆ ಹತ್ತು ಜನ, ಆಮೇಲೆ ಇಡೀ ಚರ್ಚು. ಐದು ಚರಣವನ್ನೂ ಹೇಳಿದೆ. ಒಂದು ಸಾಲನ್ನೂ ಬಿಡಲಿಲ್ಲ. ಬೈಕಿನ ಹುಡುಗರು ಬಾಗಿಲಿಗೆ ಬಂದು ನಿಂತಿದ್ದರು. ಭಕ್ತಿಯಿಂದಲ್ಲ, ಒಳಗೆ ಏನು ಗಲಾಟೆ ಎಂದು ನೋಡಲು. ಬಂದದ್ದಂತೂ ಬಂದರು!

ಆಮೇಲೆ ಮೆಟ್ಟಿಲಿನ ಹತ್ತಿರ ಆರ್ಥರ್ ಹಿಡಿದ. ಮುಖ ಕೆಂಪಾಗಿತ್ತು.

"ಇದು ಎಂತ ನಾಟಕ, ಪ್ರಿಸಿಲ್ಲ?"

"ನಾಟಕ ಗೋಡೆಯ ಮೇಲೆ ಆಗ್ತಾ ಇತ್ತು. ನಾನು ನಿಲ್ಲಿಸಿದೆ."

"ನೀನೇ ಹೀಗೆ ಮಾಡಿದರೆ? ನಿನಗಾದರೂ ಅರ್ಥ ಆಗ್ತದೆ ಅಂತ ಎಣಿಸಿದ್ದೆ. ಒಂದೇ ದನಿಯ ಕಾಲ ಹೋಯಿತು."

"ಹಾಗಾದರೆ ಈ ಹೆಂಗಸರದ್ದೂ ಒಂದು ದನಿ ಅಲ್ವಾ? ಎಲ್ಲ ದನಿಗೂ ಜಾಗ ಉಂಟು ಅಂತ ನೀನೇ ಹೇಳಿದ್ದು. ಅವರಿಗೆ ಮಾತ್ರ ಇಲ್ವಾ?"

ಅವನು ಮೆಲ್ಲಗೆ ಹೇಳಿದ: "ಓದಲಿಕ್ಕೆ ಬಾರದವರು ಇದ್ದಾರೆ ಅಂತ ಯಾರಾದರೂ ನನಗೆ ಮೊದಲೇ ಹೇಳಬಹುದಿತ್ತಲ್ಲ?"

ನಾನು ಕೊಡೆ ಬಿಡಿಸಿದೆ. ತಿಮೊಥಿ ಮಾಮ ಹಿಂದೆಯೇ ಬಂದು, "ದಾನೆ, ಎಂತ ಮಗಾ, ನನ್ನ ಕೆಲಸ ತೆಗೆದುಬಿಟ್ಟೆಯಲ್ಲ?" ಎಂದು ನಕ್ಕು ತಲೆಯ ಮೇಲೆ ಕೈಯಿಟ್ಟರು.

ಹೊಸತು ಬೇಡವೆಂದು ನಾನು ಹೇಳುವುದಿಲ್ಲ, ಆಶಾ. ಪ್ರೊಜೆಕ್ಟರ್ ಇರಲಿ, ಗಿಟಾರೂ ಬರಲಿ. ಆದರೆ ಹಾಡಿನ ನಡುವಿನ ಆ ನಿಲುಗಡೆಯನ್ನು ನಾನು ಬಿಟ್ಟುಕೊಡುವುದಿಲ್ಲ. ದೇವರು ಎಲ್ಲಿದ್ದಾನೆ ಎಂದು ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಇದ್ದರೆ ಆ ನಿಲುಗಡೆಯಲ್ಲೇ ಇರಬೇಕು, ಹಿಂದೆ ಬರುವವರಿಗೆ ಕಾಯುತ್ತಾ. ಕ್ಷಮಾಪಣೆ ಕಾಗದವನ್ನು ಶುಕ್ರವಾರದೊಳಗೆ ಕೊಡಬೇಕಂತೆ. ಕ್ಷಮೆಯ ಒಂದಕ್ಷರವೂ ಬರೆಯದೆ ಖಾಲಿ ಹಾಳೆಗೆ ಸಹಿ ಹಾಕಿ ಕೊಡುತ್ತೇನೆ.

ನಿನ್ನ ಮಗಳಿಗೆ ಮುತ್ತು. ಅವಳು ದೊಡ್ಡವಳಾಗಿ ಎಲ್ಲಿ ಬೇಕೋ ಅಲ್ಲಿ ಕೂಗಲಿ, ನನ್ನ ಹಾಗೆ ಇಪ್ಪತ್ನಾಲ್ಕು ವರ್ಷ ಕಾಯದಿರಲಿ. ನಿಮ್ಮ ಮೂವರ ಮೇಲೂ ದೇವರ ಕೈ ಇರಲಿ.

ನಿನ್ನ,
ಪ್ರಿಸಿಲ್ಲ

ಮ.ವಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಕೂಟದಲ್ಲಿ ಬಾಯಿ ತೆರೆಯಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಒಂದು ಸಲ ತೆರೆದಿದ್ದೆ. ಆರ್ಥರ್ ಆ ದಿನವೇ ಕೇಳಿದ್ದ, ನೇರವಾಗಿ ನನ್ನ ಕಡೆ ತಿರುಗಿ: "ನಮ್ಮ ಸಭೆಯಲ್ಲಿ ಓದಲಿಕ್ಕೆ ಬಾರದವರು ಯಾರಾದರೂ ಇದ್ದಾರಾ?" ನಾನು ಹೇಳಿದೆ: "ಇಲ್ಲ, ಈಗ ಯಾರೂ ಇಲ್ಲ." ಅಮ್ಮ ಅಲ್ಲೇ ಇದ್ದಳು, ಚಹಾದ ತಟ್ಟೆ ಹಿಡಿದುಕೊಂಡು. ಲೋಟಗಳನ್ನು ಒಂದೊಂದಾಗಿ ಎಲ್ಲರ ಮುಂದೆ ಇಟ್ಟಳು. ನನ್ನ ಮುಂದೆಯೂ ಇಟ್ಟಳು.

ನಿನ್ನೆ ಸುದ್ದಿ ತಿಳಿದು ಅಮ್ಮ ಕೇಳಿದ್ದು ಇಷ್ಟೇ: "ಹಿಂದಿನ ಬೆಂಚಿಗೆ ಕೇಳಿತಾ?" ಕೇಳಿತು ಎಂದೆ. "ಹಾಂ," ಎಂದು ಬಂಗುಡೆ ಮೀನು ತೊಳೆಯಲು ಹೋದಳು. ಇನ್ನೂರು ಜನರೆದುರು ನಿಂತವಳಿಗೆ ಅಡುಗೆಮನೆಯ ಹೊಸ್ತಿಲು ದಾಟಲಾಗುತ್ತಿಲ್ಲ, ಆಶಾ.

ಈಗ ಒಳಗೆ ತೆಂಗಿನಕಾಯಿ ತುರಿಯುತ್ತಾ ಅದೇ ಗೀತೆ ಹಾಡುತ್ತಿದ್ದಾಳೆ. ಮೊದಲ ಚರಣ ಆಯಿತು. ಎರಡನೆಯದೂ ಆಯಿತು. ಮೂರನೆಯದರ ಬಾಗಿಲಲ್ಲಿ ನಿಂತಳು. ಅಲ್ಲಿ ಯಾವಾಗಲೂ ಅವಳಿಗೆ ಸಾಲು ಬೇಕು. ತುರಿಮಣೆಯ ಸದ್ದೂ ನಿಂತಿದೆ. ಏಳುತ್ತೇನೆ.