ತೆನೆ ಮಾರ್ಕಿನ ಏಳನೆಯ ಪ್ಲೇಟು

ಗುಡಗೇರಿ
೧೨-೧೦-೧೯೭೫

ಪ್ರೀತಿಯ ತಂಗಿ ಮಲ್ಲಕ್ಕನಿಗೆ ಅಣ್ಣನ ಆಶೀರ್ವಾದ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಮೂರು ಸಲ ಬರೆಯಲು ಕುಳಿತು ಎದ್ದೆ. ತಪ್ಪು ತಿಳಿಯಬೇಡ. ನಾನು ಕಳಿಸಿದ ಪ್ಲೇಟನ್ನು ನಿಮ್ಮೂರು ತಂಬೂರಿನ ಗೌಡರ ಮನೆಯ ಗ್ರಾಮಫೋನಿನಲ್ಲಿ ಹಾಕಿಸಿ, ಅವ್ವನ ಧ್ವನಿ ಕೇಳಿ ಅತ್ತೆ ಎಂದು ಬರೆದಿದ್ದೀ. ಈಗ ಅದೇ ಪದ ಹಾಡಿ ಕೂಸನ್ನು ಮಲಗಿಸುತ್ತೀಯಂತೆ.

ಇಲ್ಲಿ ಶಂಭುಲಿಂಗಪ್ಪ ಕಾಕಾ ತಮ್ಮ ತೆನೆ ಮಾರ್ಕಿನ ಪ್ಲೇಟು ಕಂಪನಿಯ ಬೋರ್ಡು ಇಳಿಸಿದರು. ಮುಂಬಯಿಯ ಕಾರ್ಖಾನೆಯವರು ಅರಗಿನ ಪ್ಲೇಟು ಮಾಡುವುದನ್ನು ನಿಲ್ಲಿಸಿ ನಾಲ್ಕು ವರ್ಷವಾದರೂ ಹಟ ಹಿಡಿದಿದ್ದರು. ಒಟ್ಟು ಹತ್ತೊಂಬತ್ತು ನಂಬರಿನ ಪ್ಲೇಟು ಹೊರತಂದಿದ್ದರು, ಅಷ್ಟೇ. ನೀನು ಎರಡು ವರ್ಷದವಳಿದ್ದಾಗ, ಅವ್ವ ಸಾಯುವ ಮುಂಚಿನ ತಿಂಗಳು, ಕಾಳಿನ ಗೋದಾಮಿನ ಗೋಡೆಗೆಲ್ಲ ಗೋಣಿತಟ್ಟು ಕಟ್ಟಿ, ರೈಲು ಹೋಗುವ ತನಕ ಕಾದು ಅವಳಿಂದ ಬೀಸುವ ಪದ ಹಾಡಿಸಿ ಪ್ಲೇಟಿಗೆ ತುಂಬಿಸಿದರು. ಬೀಸುವ ಕಲ್ಲಿಲ್ಲದೆ ಪದ ಬಾರದೆಂದು ಅವಳು ಬರಿಗೈ ತಿರುಗಿಸುತ್ತ ಹಾಡಿದಳು. ಮರುದಿನ ಗೋದಾಮಿನಲ್ಲಿ ಕಾಳು ಹಸನು ಮಾಡುವ ಮರೆವ್ವ ಹಾಡಿದಳು.

ಪ್ಲೇಟಿನ ಮೇಲೆ ಅವ್ವನ ಹೆಸರು ಹಾಕಲು ಅಪ್ಪ ಬಿಡಲಿಲ್ಲ. "ಸಂತ್ಯಾಗ ನನ್ನ ಹೇಣ್ತಿ ಹೆಸರು ಕೂಗಿ ಮಾರತೀರೇನ್ರಿ?"

"ಹೆಸರಿಲ್ದ ಮಾರೂಣು ಬಿಡೋ. ಜ್ವಾಳಕ್ಕೇನ ಹೆಸರಿರ್ತದ?" ಎಂದು ಕಾಕಾ ನಕ್ಕರು. ಅಂದಿನಿಂದ ಹೆಣ್ಣುಮಕ್ಕಳ ಪ್ಲೇಟಿಗೆಲ್ಲ ತೆನೆಯ ಚಿತ್ರ ಮತ್ತು ನಂಬರು ಮಾತ್ರ.

ಈ ಬೇಸಿಗೆಯಲ್ಲಿ ಉಳಿದ ಪ್ಲೇಟುಗಳನ್ನೆಲ್ಲ ಒಡೆದು ಅರಗು ಕರಗಿಸುವವರಿಗೆ ಕಳಿಸಲು ಕಾಕಾ ನನಗೆ ಹೇಳಿದರು. ಹಾಕಿ ಕೇಳಲು ಯಂತ್ರವಿರಲಿಲ್ಲ, ಮಾರಿಯಾಗಿತ್ತು. ಅವ್ವನದು ಏಳನೆಯದೆಂದು ನನ್ನ ನೆನಪು. ಕಾಕಾನನ್ನು ಕೇಳಲು ನಾಚಿಕೆಯಾಯಿತು. ಏಳನೆಯದೊಂದನ್ನು ನನ್ನ ಅಂಗಿಯಲ್ಲಿ ಸುತ್ತಿಟ್ಟು, ಉಳಿದವನ್ನು ಸುತ್ತಿಗೆಯಿಂದ ಒಡೆದೆ. ಮೂರು ಚೀಲವಾದವು.

ನಾಳೆಯಿಂದ ಗೋದಾಮಿನಲ್ಲಿ ಮತ್ತೆ ಕಾಳು ತುಂಬುತ್ತಾರೆ. ಈ ಪ್ಲೇಟಿನ ಕೆಲಸ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಇರಲಿ. ನಿನ್ನ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಕೂಸೂ ನೀನೂ ತಂಪಾಗಿರಿ.

ನಿನ್ನ ಅಣ್ಣ,
ಶಂಕ್ರಪ್ಪ

ತಾ.ಕ.: ನಿನಗೆ ಪ್ಲೇಟು ಕಳಿಸುವ ಹಿಂದಿನ ದಿನ ಕಾಕಾ ಅದನ್ನು ನೋಡಿ, "ಇದು ಮರೆವ್ವಂದು ಲೇ ಶಂಕ್ರ್ಯಾ. ನಿಮ್ಮವ್ವಂದು ಒಂಬತ್ತು" ಎಂದರು. ಆದರೂ ಅದರ ಮೇಲೆ 'ಅವ್ವ' ಎಂದು ಚೀಟಿ ಅಂಟಿಸಿ ಕಳಿಸಿದೆ. ಈ ಎರಡು ತಿಂಗಳು ಶಲವಡಿ, ಅಣ್ಣಿಗೇರಿ ಎಲ್ಲ ಸುತ್ತಿದೆ. ಗೋದಾಮಿನಲ್ಲಿದ್ದವನ್ನು ನಾನೇ ಒಡೆದಿದ್ದೆ; ಹಿಂದೆ ಮಾರಿದ ಒಂಬತ್ತನೆಯದು ಯಾರ ಮನೆಯಲ್ಲೂ ಸಿಗಲಿಲ್ಲ. ಮರೆವ್ವ ಗೋದಾಮಿನ ಮುಂದೆ ಕಾಳು ಹಸನು ಮಾಡುತ್ತ ಈಗಲೂ ನೀನು ಕೂಸಿಗೆ ಹಾಡುವ ಆ ಪದವನ್ನೇ ಹಾಡುತ್ತಾಳೆ. ಅವ್ವನ ಧ್ವನಿ ನನಗಾದರೂ ನೆನಪಿದೆ ಎಂದುಕೊಂಡಿದ್ದೆ, ತಂಗಿ. ಈಗ ಕಣ್ಣು ಮುಚ್ಚಿದರೆ ಅವ್ವನ ಕೈ ತಿರುಗುವುದು ಕಾಣುತ್ತದೆ. ಕೇಳುವುದು ಮರೆವ್ವನ ಧ್ವನಿ.