ಹದಿನಾಲ್ಕನೇ ಮಷೀನಿನ ಭೂತಗನ್ನಡಿ

9-6-2008, ಸೋಮವಾರ

ಆಫೀಸಿನ ಇಪ್ಪತ್ತೆರಡು ಮಷೀನುಗಳಲ್ಲಿ ಹದಿನೇಳು ತೊಳೆದದ್ದಾಯಿತು. ಹೊಸ ಕಂಪ್ಯೂಟರ್ ಅನ್ನುವುದು ಹೆಸರಿಗೆ — ಡಬ್ಬಿ ಬಿಚ್ಚುವ ಮೊದಲೇ ಒಳಗೆ ಬೇಡದ್ದರ ಸಂತೆ. ಮೂರು ತಿಂಗಳಿಗೆ ಸಾಯುವ ಆಂಟಿವೈರಸ್, ಟೂಲ್‌ಬಾರು, ಇಸ್ಪೀಟು... ಮ್ಯಾನೇಜರ್ ಸಿದ್ದಲಿಂಗೇಶ್ ಸರ್ ಹುಕುಂ: "ಐದು ಪ್ರೋಗ್ರಾಂ ಅಷ್ಟ ಇರ್ಬೇಕ್ರಿ ಹೇಮಾ. ಉಳಿದಿದ್ದೆಲ್ಲಾ ಕಿತ್ತು ಒಗೀರಿ."

ಕಿತ್ತೆ. ಒಂದನ್ನು ತೊಳೆದು, ಅದರ ಪಡಿಯಚ್ಚನ್ನೇ ಉಳಿದವಕ್ಕೆ ಹಾಕುತ್ತಿದ್ದೇನೆ. ಯಾರು ಏನೇ ತುಂಬಿಸಲಿ, ಆಫ್ ಮಾಡಿ ಆನ್ ಮಾಡಿದರೆ ತಾನೇ ಅಳಿಸಿಹೋಗುವಂತೆ ಬೀಗ ಹಾಕಿದ್ದೇನೆ. ಆ ಬೀಗದ ಪಾಸ್‌ವರ್ಡ್ ಸರ್ ಹತ್ತಿರ. ಇಸ್ಪೀಟು ಹೋಯಿತೆಂದು ಸ್ಟೋರ್ಸ್‌ನ ಕೆಂಚಣ್ಣ ಸೂತಕದ ಮುಖ ಮಾಡಿಕೊಂಡಿದ್ದಾನೆ. ನನಗಂತೂ ಖುಷಿ. ಹೊಸಪೇಟೆಯ ಈ ಕೆಂಪು ಧೂಳಿನಲ್ಲಿ ಸ್ವಚ್ಛ ಅನ್ನುವುದು ಇದೊಂದೇ.

11-6, ಬುಧವಾರ

ಪರ್ಮಿಟ್ ಸೆಕ್ಷನ್ನಿನ ಉಜ್ಜಿನಪ್ಪನವರು ಬಂದರು. ಅದಿರು ಲಾರಿಗಳ ನಂಬರ್ ಟೈಪ್ ಮಾಡಿ ಪರ್ಮಿಟ್ ತೆಗೆಯುವವರು. ಹದಿನಾಲ್ಕನೇ ಮಷೀನು. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದರು.

"ಹೇಮವ್ವಾ, ನನ್ನ ಭೂತಗನ್ನಡಿ ಎಲ್ಲಿ ಹೋತು?"

"ಯಾವ ಭೂತರೀ?"

"ಕಂಪ್ಯೂಟರ್‌ನಾಗ ಇತ್ತಲ್ಲವಾ, ಅಕ್ಷರ ದೊಡ್ಡದು ಮಾಡಿ ತೋರಸೋದು. ಹಳೇದ್ರಾಗೂ ಇತ್ತು. ಎರಡು ವರ್ಷ ಅದರ ಮ್ಯಾಲೆ ನಡಸೀನಿ."

ಮಷೀನಿನೊಳಗೇ ಬಂದದ್ದು. ಪಟ್ಟಿಯಲ್ಲಿ ಇರಲಿಲ್ಲ, ಕಿತ್ತೆ. ಅದನ್ನು ಬಳಸುವವರೂ ಇದ್ದಾರೆಂದು ಹೊಳೆಯಲೇ ಇಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆಯಂತೆ, ಇನ್ನು ಕನ್ನಡಕದಿಂದ ಆಗುವುದಿಲ್ಲ ಎಂದರಂತೆ ಬಳ್ಳಾರಿ ಡಾಕ್ಟರು. ಪರದೆಯನ್ನು ಗೋಡೆ ಕಡೆ ತಿರುಗಿಸಿಕೊಂಡು ಕೂಡುತ್ತಾರೆಂದು ನಾನೇ ಎಷ್ಟು ಸಲ ಕಾಡಿಸಿದ್ದೇನೆ — ಯಾವ ಸಿನಿಮಾ ನಡದೈತಿ ಅಂತ. ಥೂ.

"ಯಾರಿಗೂ ಹೇಳಬ್ಯಾಡವ್ವಾ. ಗೊತ್ತಾತಂದ್ರ ಮನಿಗೆ ಕಳಸ್ತಾರ. ಮಗಳು ಐಶ್ವರ್ಯಂದು ಇನ್ನೂ ಡಿಗ್ರಿ ಮುಗದಿಲ್ಲ."

12-6, ಬೆಳಿಗ್ಗೆ 8.20

ಯಾರೂ ಬರುವ ಮೊದಲೇ ಬಂದು ಪೆನ್‌ಡ್ರೈವ್‌ನಿಂದ ಹಾಕಿದೆ. ನಾಳೆ ಮತ್ತೆ ಹಾಕಬೇಕು. ನಾಡಿದ್ದೂ. ಬೀಗ ನನ್ನದೇ, ಕೀಲಿ ಮಾತ್ರ ನನ್ನದಲ್ಲ.

17-6, ಮಂಗಳವಾರ

ಐದನೇ ದಿನ. ಉಜ್ಜಿನಪ್ಪನವರು ಕಂಪ್ಲಿಯಿಂದ ಶೇಂಗಾ ಹೋಳಿಗೆ ತಂದಿದ್ದರು.

ನಾಳೆಯಿಂದ ನಾಲ್ಕು ದಿನ ಸಂಡೂರು ಆಫೀಸು. ಅಲ್ಲಿಯೂ ತೊಳೆಯಬೇಕಂತೆ. ಇಲ್ಲಿ ಯಾರು ಹಾಕುತ್ತಾರೆ? ನಾಳೆ ಬೆಳಿಗ್ಗೆ ಹಾಕಿಯೇ ಹೋಗುತ್ತೇನೆ, ಆಮೇಲೆ ಮಷೀನು ಆಫ್ ಮಾಡಬೇಡಿ, ಪರದೆಯಷ್ಟೇ ಆರಿಸಿ ಅಂದೆ. ತಲೆಯಾಡಿಸಿದರು. ಕರೆಂಟು ಹೋಗದಿದ್ದರೆ ಸಾಕು.

24-6, ಮಂಗಳವಾರ

ಹೋಯಿತು. ಗುರುವಾರ ಎರಡು ತಾಸು. ಯು.ಪಿ.ಎಸ್. ಅರ್ಧ ತಾಸಿನದು.

ಶುಕ್ರವಾರ ಉಜ್ಜಿನಪ್ಪನವರು ಲಾರಿ ನಂಬರಿನಲ್ಲಿ 3 ಇದ್ದಲ್ಲಿ 8 ಹೊಡೆದಿದ್ದಾರೆ. ನಂಬರ್ ತಾಳೆಯಾಗದೆ ಲಾರಿ ಮೂರು ದಿನ ಚೆಕ್‌ಪೋಸ್ಟಿನಲ್ಲಿ ನಿಂತಿತ್ತು. ಸರ್ ಕೂಗಾಡಿದ್ದು ಬೀದಿಗೆ ಕೇಳಿತಂತೆ. ಇನ್ನೊಂದು ತಪ್ಪಾದರೆ ಮನೆಗೆ ಅಂದಿದ್ದಾರೆ. ಇವರು "ಕೈ ತಪ್ಪಿತ್ರೀ" ಎಂದಷ್ಟೇ ಅಂದರಂತೆ.

ತಪ್ಪಿದ್ದು ಅವರ ಕೈಯಲ್ಲ, ನನ್ನ ಪಟ್ಟಿ. ತಡೆಯಲಾಗಲಿಲ್ಲ. ಭೂತಗನ್ನಡಿ ಕಾಯಂ ಇರಲು ಅನುಮತಿ ಕೇಳಿ ಅರ್ಜಿ ಹಾಕಿದೆ. ಕಾರಣದ ಖಾನೆಯಲ್ಲಿ "ಕೆಲಸಕ್ಕೆ ಬೇಕು." ಸರ್ ವಾಪಸ್ ಕೊಟ್ಟರು. "ಯಾಕ ಬೇಕು ಅಂತ ಬಿಡಿಸಿ ಬರೀರಿ. ಹೆಡ್ ಆಫೀಸ್ನವ್ರು ಕೇಳ್ತಾರ."

26-6

ಬರೆದೆ. ದೃಷ್ಟಿ ಮಂದ — ಎರಡೇ ಪದ. ಉಜ್ಜಿನಪ್ಪನವರನ್ನು ಕೇಳಲಿಲ್ಲ. ಕೇಳಿದ್ದರೆ ಬ್ಯಾಡ ಅನ್ನುತ್ತಿದ್ದರು. ಸರ್ ಓದಿ, "ಪಾಪ, ಮೊದಲ ಹೇಳಬಾರದಿತ್ತೇನ್ರೀ" ಅಂದರು. ಮೆತ್ತಗೆ ಅಂದರು. ನಂಬಿದೆ.

2-7, ಬುಧವಾರ

ಅನುಮತಿ ಬಂತು! ಸರ್ ತಾವೇ ಪಾಸ್‌ವರ್ಡ್ ಒತ್ತಿದರು, ಹಾಕಿಬಿಟ್ಟೆ. ಉಜ್ಜಿನಪ್ಪನವರು ಪರದೆಯನ್ನು ಗೋಡೆಯಿಂದ ಈಚೆ ತಿರುಗಿಸಿಕೊಂಡು ಕೂತರು. "ಹೆಂಗ ಒಪ್ಪಿಸಿದಿ?" ಅಂದರು. ಹೇಗೋ ಅಂದೆ.

4-7, ಶುಕ್ರವಾರ, ಸಂಜೆ 7.40

ಐದು ಗಂಟೆಗೆ ಲಕೋಟೆ ಹಿಡಿದು ಬಂದರು. "ಅಕ್ಷರ ಭಾಳ ಸಣ್ಣವ ಅದಾವ. ನೀನ ಓದವ್ವಾ."

ಹೆಡ್ ಆಫೀಸಿನ ಇಂಗ್ಲಿಷ್ ಪತ್ರ. ಓದುತ್ತ ಕನ್ನಡದಲ್ಲಿ ಹೇಳಿದೆ. ದೃಷ್ಟಿಯ ಕಾರಣ ಈ ತಿಂಗಳ ಕೊನೆಗೆ ಕೆಲಸ ಮುಗಿಯಿತು. ಎರಡನೇ ಸಾಲಿನಲ್ಲಿ, ಸಿಸ್ಟಮ್ ವಿಭಾಗದ ಹೇಮಾ ಅವರ ಅರ್ಜಿಯಿಂದ ತಿಳಿದುಬಂದಂತೆ ಎಂದಿತ್ತು. ಆ ಸಾಲು ಬಿಟ್ಟೆ.

ಅವರು ಗೋಡೆ ಹಿಡಿದು ಕೂತರು. "ಯಾರು ಹೇಳಿದ್ರೋ ಏನೋ... ನೀ ಮಾತ್ರ ನನ್ನ ಸಲುವಾಗಿ ಭಾಳ ಒದ್ದಾಡಿದಿ" ಅಂದರು. ಪತ್ರ ಮಡಚಿ ಜೇಬಿಗೆ ಇಟ್ಟುಕೊಂಡರು. "ಮನ್ಯಾಗ ಐಶ್ವರ್ಯನ ಕಡೆ ಇನ್ನೊಮ್ಮೆ ಓದಸ್ತೀನಿ. ಆಕಿಗೆ ಇಂಗ್ಲಿಷ್ ಚೊಲೋ ಬರ್ತೈತಿ."

ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಹೇಳಬೇಕೆಂದೇ ಹೋದೆ. ಕಂಪ್ಲಿ ಬಸ್ಸಿನ ಬೋರ್ಡು ಓದಿ ಹತ್ತಿಸಿದೆ, ಅಷ್ಟೇ. ನಾಚಿಕೆಗೆಟ್ಟವಳು.

ಏಳು ಗಂಟೆಗೆ ಧೈರ್ಯ ಮಾಡಿ ಫೋನ್ ಮಾಡಿದೆ. ಮಗಳು ಓದುವ ಮೊದಲು ನಾನೇ ಹೇಳಿಬಿಡೋಣ ಅಂತ. ಐಶ್ವರ್ಯ ಎತ್ತಿದಳು. ಹೇಮಾ ಅಂದೆ. ಅವಳು ಒಳಗೆ ಕೂಗಿದ್ದು ಕೇಳಿಸಿತು: "ಅಪ್ಪಾ, ಪತ್ರದಾಗ ಹೆಸರೈತಲ್ಲ, ಅವ್ರ ಫೋನ್ ಮಾಡ್ಯಾರ..."

ಫೋನು ಉಜ್ಜಿನಪ್ಪನವರ ಕೈಗೆ ಹೋಯಿತು. ಅವರು, "ಬಸ್ಸಿನ ಬೋರ್ಡು ಓದಿ ಹತ್ತಿಸಿದಿ, ಆ ಒಂದು ಸಾಲು ಯಾಕ ಓದಲಿಲ್ಲವ್ವಾ?" ಅಂದು ಫೋನ್ ಇಟ್ಟರು.